ಡೆಪೊಸಿಷನ್ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಪೂರ್ತಿ ಡಿಜಿಟಲ್ ಮಾಡಬಹುದಾ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ನ್ಯೂಜೆರ್ಸಿಯಲ್ಲಿ ಸಣ್ಣ ವಕೀಲರ ಆಫೀಸು, ಕಪಾಟಿನ ತುಂಬ ಡೆಪೊಸಿಷನ್ (ವಿಚಾರಣೆಗೆ ಮೊದಲೇ, ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ತೆಗೆದುಕೊಳ್ಳುವ ಸಾಕ್ಷಿ ಹೇಳಿಕೆ) ಪುಸ್ತಕಗಳು, ಕಾಗದ ನಿಲ್ಲಿಸುವ ಕೆಲಸ ಹೊಸ ಪ್ಯಾರಾಲೀಗಲ್ (ವಕೀಲರ ಸಹಾಯಕ ಸಿಬ್ಬಂದಿ) ತಲೆ ಮೇಲೆ. ನಿಮ್ಮ ಪ್ರಶ್ನೆ ಓದಿದಾಗ ಇದನ್ನು ನಾನೇ ಬರೆದಿದ್ದೆನಾ ಅನ್ನಿಸಿತು. ಸಾಫ್ಟ್‌ವೇರ್ ಮಾತು ಆಮೇಲೆ. ಮೊದಲು ನನಗೆ ಏನಾಯಿತು ಕೇಳಿ.

ನಮ್ಮ ಆಫೀಸಿನಲ್ಲಿ ಮೂರೇ ವಕೀಲರು. ಸಾಕ್ಷಿ ಹೇಳಿದ್ದನ್ನು ಮಾತು ಮಾತಿಗೆ ಬರೆದುಕೊಳ್ಳುವ ಕೋರ್ಟ್ ರಿಪೋರ್ಟರ್‌ಗಳ ಏಜೆನ್ಸಿಯಿಂದ ಟ್ರಾನ್ಸ್‌ಕ್ರಿಪ್ಟ್ ಕೊರಿಯರ್‌ನಲ್ಲಿ ಬರುತ್ತಿತ್ತು. ಮುಂದಿನ ಮೇಜಿನವರು ಬಂದ ತಾರೀಖಿನ ಮುದ್ರೆ ಒತ್ತಿ ವಕೀಲರ ಮೇಜಿನ ಮೇಲೆ ಇಡುತ್ತಿದ್ದರು. ನಾನು ಅದನ್ನು ನಿಲ್ಲಿಸಿದೆ. ಇನ್ನು ಮೇಲೆ ಲಿಂಕ್ ಮಾತ್ರ ಕಳಿಸಿ ಅಂತ ಏಜೆನ್ಸಿಗೆ ಹೇಳಿದೆ. ವಕೀಲರಿಗೆ ಮೇಲ್ ಜಾಸ್ತಿ ಆಗಬಾರದು ಅಂತ ಒಂದು ಸಾಮಾನ್ಯ ವಿಳಾಸ ಮಾಡಿ, ಏಜೆನ್ಸಿಯ ಮೇಲ್‌ಗಳೆಲ್ಲ ತಾನಾಗಿ ಒಂದು ಫೋಲ್ಡರ್‌ಗೆ ಹೋಗುವ ಹಾಗೆ ಮಾಡಿದೆ. ಆ ಫೋಲ್ಡರ್ ನೋಡುವವಳು ನಾನೊಬ್ಬಳೇ. ಕೆಲಸ ಚೆನ್ನಾಗಿ ಆಯಿತು ಅಂತ ಎಲ್ಲರೂ ಹೊಗಳಿದರು.

ಆಗ ಒಂದು ಟ್ರಕ್ ಅಪಘಾತದ ಕೇಸು ನಡೀತಿತ್ತು. ಟ್ರಕ್ ಕಂಪನಿ ಬೇರೆ ರಾಜ್ಯದ್ದು, ಹಾಗಾಗಿ ರಾಜ್ಯದ ಕೋರ್ಟಲ್ಲ, ಫೆಡರಲ್ (ಕೇಂದ್ರದ) ಕೋರ್ಟ್. ನಮ್ಮ ಕಕ್ಷಿದಾರರು ಹಾಸನದ ಕಡೆಯ ಹಿರಿಯರು, ಕಾರು ಓಡಿಸುತ್ತಿದ್ದವರು ಅವರೇ. ಟ್ರಕ್ ಕಣ್ಣಿಗೆ ಬಿದ್ದಾಗ ಎಷ್ಟು ದೂರದಲ್ಲಿತ್ತು ಅಂತ ಡೆಪೊಸಿಷನ್‌ನಲ್ಲಿ ಎದುರು ಪಕ್ಷದ ವಕೀಲರು ಕೇಳಿದರು. ಇವರು 'ಫಿಫ್ಟೀನ್ ಫೀಟ್' ಅಂದರು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಬಂದದ್ದು 'ಫಿಫ್ಟಿ'. ಕನ್ನಡದಲ್ಲಿ ಹದಿನೈದು ಎಲ್ಲಿ, ಐವತ್ತು ಎಲ್ಲಿ! ಇಂಗ್ಲಿಷಿನಲ್ಲಿ, ಅದೂ ನಮ್ಮವರ ಉಚ್ಚಾರದಲ್ಲಿ, ಎರಡೂ ಒಂದೇ ಥರ ಕೇಳಿಸುತ್ತವೆ. 15 ಅಡಿ ಅಂದರೆ ಬ್ರೇಕ್ ಹಾಕಲು ಸಮಯವೇ ಇರಲಿಲ್ಲ. 50 ಅಡಿ ಅಂದರೆ ನೋಡಿಯೂ ಸುಮ್ನೆ ಬಂದರು ಅಂತ ವಾದ ಮಾಡಬಹುದು.

ಇಂಥ ತಪ್ಪು ತಿದ್ದಲು ದಾರಿ ಇದೆ. ಫೆಡರಲ್ ಸಿವಿಲ್ ನಿಯಮ 30(ಇ) ಪ್ರಕಾರ, ಡೆಪೊಸಿಷನ್ ಮುಗಿಯುವ ಮೊದಲೇ ಕೇಳಿಕೊಂಡಿದ್ದರೆ, ಸಾಕ್ಷಿಗೆ ಓದಿ ತಿದ್ದಲು 30 ದಿನ ಸಿಗುತ್ತದೆ. ಯಾವ ಪುಟ, ಯಾವ ಸಾಲು, ಏನು ಬದಲಾವಣೆ, ಯಾಕೆ ಅಂತ ಎರಾಟಾ (ತಿದ್ದುಪಡಿ) ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ನಮ್ಮ ವಕೀಲರು ಕೇಳಿಕೊಂಡಿದ್ದರು. ಹಕ್ಕು ನಮ್ಮ ಕೈಯಲ್ಲೇ ಇತ್ತು.

ನನ್ನ ತಪ್ಪು ಇಲ್ಲಿದೆ. ಆ 30 ದಿನ ಶುರುವಾಗುವುದು ಟ್ರಾನ್ಸ್‌ಕ್ರಿಪ್ಟ್ ಕೈಗೆ ಬಂದ ದಿನದಿಂದ ಅಲ್ಲ, ಓದಿದ ದಿನದಿಂದಲೂ ಅಲ್ಲ. 'ಟ್ರಾನ್ಸ್‌ಕ್ರಿಪ್ಟ್ ಸಿದ್ಧವಿದೆ' ಅಂತ ರಿಪೋರ್ಟರ್ ತಿಳಿಸಿದ ದಿನದಿಂದ. ನಮಗೆ ಆ ಮೇಲ್ ಬಂದದ್ದು ಮಾರ್ಚ್ 3ಕ್ಕೆ. ಅದು ನೇರ ಫೋಲ್ಡರ್ ಒಳಗೆ ಹೋಯಿತು. ನಾನು ಡೌನ್‌ಲೋಡ್ ಮಾಡಿದ್ದು ಮಾರ್ಚ್ 21ಕ್ಕೆ. ಕ್ಯಾಲೆಂಡರಿನಲ್ಲಿ ಏಪ್ರಿಲ್ 20 ಅಂತ ಗುರುತು ಹಾಕಿದೆ. ನಿಜವಾದ ಕೊನೆಯ ದಿನ ಏಪ್ರಿಲ್ 2 ಆಗಿತ್ತು. ಪುಸ್ತಕ ಬರುತ್ತಿದ್ದ ಕಾಲದಲ್ಲಿ ಸಿದ್ಧವಾದ ಸುದ್ದಿ ಮತ್ತು ಪುಸ್ತಕ ಒಟ್ಟಿಗೇ ಬರುತ್ತಿದ್ದವು, ಮುದ್ರೆ ಒತ್ತಿದ ದಿನದಿಂದ ಎಣಿಸಿದರೆ ಸಾಕಿತ್ತು. ಲಿಂಕ್ ಬಂದ ಮೇಲೆ ಅವು ಎರಡು ಬೇರೆ ದಿನಗಳಾದವು. ನಾನು ಮಾತ್ರ ಹಳೇ ಲೆಕ್ಕದಲ್ಲೇ ಇದ್ದೆ.

ಏಪ್ರಿಲ್ 11ಕ್ಕೆ ಆ ಹಿರಿಯರು ಫೋನ್ ಮಾಡಿದರು. "ಏನಮ್ಮಾ, ನಾನು ಹದಿನೈದು ಅಂದಿದ್ದೆ, ಇದರಲ್ಲಿ ಐವತ್ತು ಅಂತ ಇದೆಯಲ್ಲ?"

"ಟೈಮ್ ಇದೆ ಅಂಕಲ್, ತಿದ್ದೋಣ" ಅಂದೆ.

ಏಪ್ರಿಲ್ 14ಕ್ಕೆ ಎರಾಟಾ ಕಳಿಸಿದೆವು. 12 ದಿನ ತಡ. ಎದುರು ಪಕ್ಷ ತಕರಾರು ಎತ್ತಿತು, ಜಡ್ಜ್ ಒಪ್ಪಲಿಲ್ಲ. ಕೇಸು ಬಿದ್ದು ಹೋಗಲಿಲ್ಲ. ಆದರೆ ರಾಜಿ ಮಾತುಕತೆ ಉದ್ದಕ್ಕೂ ಆ 50 ಅಡಿ ಮೇಜಿನ ಮೇಲೇ ಇತ್ತು. ಅವರಿಗೆ ಸಿಗಬೇಕಾದ್ದಕ್ಕಿಂತ ಕಡಿಮೆ ಸಿಕ್ಕಿತು. ಊರಲ್ಲಿ ಜಮೀನಿನ ಕೇಸಿನಲ್ಲಿ ಸಾಕ್ಷಿ ಹೇಳಿದ್ದವರು ಅವರು. ಅಲ್ಲಿ ಬರೆದುಕೊಂಡದ್ದನ್ನು ಜಡ್ಜ್ ಎದುರೇ ಓದಿ ಹೇಳಿದ್ದರಂತೆ. ಇಲ್ಲೂ ಯಾರಾದರೂ ಓದಿ ಹೇಳುತ್ತಾರೆ ಅಂತ ಕಾದಿದ್ದರು. ನಾನು ಮೊದಲೇ ತಿಳಿಸಿ ಹೇಳಬೇಕಿತ್ತು.

ಹಾಗಾಗಿ ಸಾಫ್ಟ್‌ವೇರ್ ಯಾವುದು ಅನ್ನೋದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಸಿದ್ಧವಾದ ಸುದ್ದಿ ಯಾರಿಗೆ ಬರುತ್ತದೆ, ಅವತ್ತೇ ದಿನ ಎಣಿಸುವವರು ಯಾರು, ಇದನ್ನು ಮೊದಲು ಗಟ್ಟಿ ಮಾಡಿ. ಆ ಮೇಲ್ ಕೇಸಿನ ವಕೀಲರಿಗೆ ನೇರ ಹೋಗಲೇಬೇಕು, ಜೊತೆಗೆ ಇನ್ನಿಬ್ಬರಿಗೆ. ಯಾವ ಫಿಲ್ಟರೂ ಬೇಡ. ರಾಜ್ಯದ ಕೋರ್ಟಾದರೆ ಲೆಕ್ಕ ಬೇರೆ. ನ್ಯೂಯಾರ್ಕ್‌ನಲ್ಲಿ 60 ದಿನ, ಅದೂ ಸಾಕ್ಷಿಗೆ ಓದಲು ಕೊಟ್ಟ ದಿನದಿಂದ.

ಪೂರ್ತಿ ಡಿಜಿಟಲ್ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಮೂಲ ಪ್ರತಿಯನ್ನು ರಿಪೋರ್ಟರ್ ಲಕೋಟೆಯಲ್ಲೋ ಪೊಟ್ಟಣದಲ್ಲೋ ಹಾಕಿ ಮೊಹರು ಮಾಡಿ ಕಳಿಸಬೇಕು, ವಕೀಲರು ಅದನ್ನು ಹಾಳಾಗದಂತೆ ಕಾಯಬೇಕು ಅಂತ ನಿಯಮ 30(ಎಫ್) ಇವತ್ತಿಗೂ ಹೇಳುತ್ತದೆ. ಮತ್ತೆ, ವಯಸ್ಸಾದ ಸಾಕ್ಷಿಗೆ ಫೋನಿನಲ್ಲಿ 200 ಪುಟ ಓದಿ ಅನ್ನೋದು ಅನ್ಯಾಯ ಅಲ್ವಾ? ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಕೈಗೊಂದು ಪೆನ್ಸಿಲ್ ಕೊಡಿ.

ಫಾರ್ಮ್ಯಾಟ್ ವಿಷಯ ಇಷ್ಟೇ: ಪದ ಹುಡುಕಲು ಬರುವ ಪಿಡಿಎಫ್, ಅದರಲ್ಲಿ ರಿಪೋರ್ಟರ್ ಸರ್ಟಿಫಿಕೇಟ್ ಪುಟ ಇರಬೇಕು. ಜೊತೆಗೆ ಪುಟ-ಸಾಲು ಕದಲದ ಟೆಕ್ಸ್ಟ್ ಫೈಲ್. ಅದನ್ನು ವರ್ಡ್‌ನಲ್ಲಿ ತೆರೆದು ಉಳಿಸಬೇಡಿ, ಪುಟಕ್ಕೆ 25 ಸಾಲಿನ ಲೆಕ್ಕ ತಪ್ಪಿ ನೀವು ಕೊಟ್ಟ ಉಲ್ಲೇಖಗಳೆಲ್ಲ ಹಾಳಾಗುತ್ತವೆ. ರಫ್ ಡ್ರಾಫ್ಟ್ (ರಿಪೋರ್ಟರ್ ಇನ್ನೂ ಪ್ರಮಾಣೀಕರಿಸದ ಕರಡು) ಓದಿಕೊಳ್ಳಿ, ಆದರೆ ಕೋರ್ಟಿಗೆ ಹಾಕುವ ಕಾಗದದಲ್ಲಿ ಬಳಸಬೇಡಿ.

ಕಪಾಟು ಖಾಲಿ ಮಾಡುವ ಕೆಲಸ ಮುಂದಿನ ವಾರ ಇಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಮೊದಲು, ನಡೆಯುತ್ತಿರುವ ಪ್ರತಿ ಕೇಸಿಗೂ ಕಳೆದ 30 ದಿನದಲ್ಲಿ ಬಂದ ಏಜೆನ್ಸಿ ಮೇಲ್‌ಗಳನ್ನು ಹುಡುಕಿ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ.