ಚಕ್ರದ ಮೇಲಿನ ಫ್ಲೇರ್ ಅಡಿ ಹಿಡಿಯುವ ಜಂಗಿಗೆ

ನಿಮ್ಮ ಪಿಕಪ್‌ನ ಫ್ಲೇರ್ (ಚಕ್ರದ ಕಮಾನಿಗೆ ಸ್ಕ್ರೂ ಹಾಕಿ ಕೂರಿಸುವ ಅಂಚುಪಟ್ಟಿ) ಅಂಚಿನಲ್ಲಿ ಪೇಂಟ್ ಉಬ್ಬುತ್ತಿದೆ, ಉಪ್ಪಿನಿಂದಲೇ ಇರಬೇಕು, ಏನು ಮಾಡಲಿ ಅಂತ ಕೇಳಿದಿರಿ. ಕಾರಣ ಬಹುಶಃ ಬರೀ ಉಪ್ಪಲ್ಲ, ಒಳಗೆ ಕೂತ ಹಸಿ ಮಣ್ಣು. ಗೋಕರ್ಣದ ಹತ್ತಿರ ಉಪ್ಪು ತೆಗೆಯುವ ಊರು ಸಾಣಿಕಟ್ಟಾದಿಂದ ಹುಬ್ಬಳ್ಳಿಗೆ ಉಪ್ಪು ತರುತ್ತೀರಿ ಅಂದಿರಿ. ಉಪ್ಪು ಬೆರೆತ ಮಣ್ಣು ಬೇಗ ಒಣಗುವುದಿಲ್ಲ. ಗಾಡಿ ಓಡುವಾಗ ಫ್ಲೇರ್ ಅಲುಗಿ ಅಲುಗಿ ಆ ಮಣ್ಣೇ ಪಾಲಿಶ್ ಪೇಪರಿನಂತೆ ಪೇಂಟ್ ತಿನ್ನುತ್ತದೆ. ನನ್ನ ಗಾಡಿಯ ಫ್ಲೇರ್ ಬಿಚ್ಚಿದಾಗ ಒಂದು ಬೊಗಸೆ ಕೆಂಪು ಮಣ್ಣು ಉದುರಿತು. ಸ್ಕ್ರೂ ತೂತುಗಳ ಸುತ್ತ ದುಂಡಗೆ ಜಂಗು ಹಿಡಿದಿತ್ತು.

ಮೊದಲು ಫ್ಲೇರ್ ಪೂರ್ತಿ ಬಿಚ್ಚಿ. ಮೇಲಿಂದ ನೀರು ಹೊಡೆದರೆ ಸಾಲದು. ಸಿಹಿನೀರಲ್ಲಿ ತೊಳೆದು ಒಂದು ದಿನ ಒಣಗಿಸಿ. ತಗಡು ಹೊಳೆಯುವವರೆಗೆ ಜಂಗು ಉಜ್ಜಿ, ಥಿನ್ನರ್‌ನಿಂದ ಒರೆಸಿ, ಎಪಾಕ್ಸಿ ಪ್ರೈಮರ್ (ಜಂಗು ತಡೆಯುವ ಅಡಿಬಣ್ಣ) ಹಚ್ಚಿ, ಆಮೇಲೆ ಪೇಂಟ್. ತೂತಿನ ಒಳ ಅಂಚಿಗೂ ಸಣ್ಣ ಬ್ರಷ್‌ನಿಂದ ಹಚ್ಚಲೇಬೇಕು, ಜಾಸ್ತಿ ಜನ ಬಿಡುವುದು ಅದನ್ನೇ. ಪೇಂಟ್ ಗಟ್ಟಿಯಾದ ಮೇಲೆ ಫ್ಲೇರ್ ತಾಗುವಲ್ಲಿ ಪಾರದರ್ಶಕ ಫಿಲ್ಮ್ ಅಂಟಿಸಿ, ಸ್ಕ್ರೂಗಳಿಗೆ ಗ್ರೀಸ್ ಸವರಿ ಕೂರಿಸಿ. ಕೆಳ ಅಂಚಿಗೆ ಸಿಲಿಕಾನ್ ಮೆತ್ತಬೇಡಿ, ನೀರು ಇಳಿಯಲು ದಾರಿ ಬೇಕು ಅಲ್ವಾ?

ತಗಡಿನ ಗತಿ ಬಿಚ್ಚಿದ ಮೇಲೇ ಗೊತ್ತಾಗುವುದು. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಒಳಗೆ ಹೋದರೆ ಪೇಂಟ್ ಸುಮ್ನೆ ದಂಡ, ಆ ತುಂಡು ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿ.