ಉರಿಮೂತ್ರ ಕೇಳಿದಿರಿ, ಸೂಜಿ ಮರೆತಿರಿ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಕಲಬುರಗಿಯಲ್ಲಿ ಕಸದ ಗಾಡಿ ಮೇಲೆ ಕೆಲಸ. ಬೆಳಿಗ್ಗೆ ಆರಕ್ಕೆ ಹೋದರೆ ಮನೆ ಸೇರುವುದು ಎರಡಕ್ಕೆ. ನಡುವೆ ಹೆಣ್ಣುಮಕ್ಕಳಿಗೆ ಹೋಗಲು ಜಾಗ ಇಲ್ಲ. ಅದಕ್ಕೇ ನೀರು ಕುಡಿಯುವುದಿಲ್ಲ. ಈ ಬೇಸಿಗೆಯಲ್ಲಿ ಮೂರು ಸಲ ಉರಿಮೂತ್ರ ಆಯಿತು. ಅಂಗಡಿ ಮಾತ್ರೆ ನುಂಗಿದರೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಹೋದ ತಿಂಗಳು ಡೈಪರ್ ಒಳಗಿದ್ದ ಸೂಜಿ ಕೈಗೆ ಚುಚ್ಚಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ಹೆಸರು ಬೇಡ, ಕಲಬುರಗಿ

ಉತ್ತರ: ಸಂಬಂಧ ಇಲ್ಲ ತಂಗಿ. ಆದರೆ ನೀವು ಕೊನೆಗೆ ತಳ್ಳಿದ ಆ ಸೂಜಿಯೇ ನನ್ನ ಕಣ್ಣಿಗೆ ಮೊದಲು ಬಿತ್ತು.

ಸೂಜಿ ಚುಚ್ಚಿದರೆ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಚೀಪಬಾರದು. ಎಚ್‌ಐವಿ ತಡೆಯುವ ಮಾತ್ರೆಗಳಿವೆ. ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ನಿಮಗೆ ಆ ಹೊತ್ತು ದಾಟಿದೆ. ಹಾಗಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಎಚ್‌ಐವಿ ಇದ್ದವರ ಸೂಜಿಯೇ ಚುಚ್ಚಿದರೂ ಸೋಂಕು ತಗಲುವುದು ಸುಮಾರು 300ರಲ್ಲಿ ಒಬ್ಬರಿಗೆ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸಲೀಸಾಗಿ ಅಂಟುತ್ತದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿ. ಎಚ್‌ಐವಿ ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ, ಹೆಸರೂ ಹೊರಗೆ ಹೋಗುವುದಿಲ್ಲ. ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಸಲ: ಮೊದಲ ದಿನ, ತಿಂಗಳಿಗೆ, ಆರು ತಿಂಗಳಿಗೆ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಅಲ್ಲಿಯ ಡಾಕ್ಟರಿಗೆ ಹೇಳಿ.

ಈಗ ಉರಿಮೂತ್ರ. ಬ್ರಹ್ಮಪುರದ ನಮ್ಮ ತವರುಮನೆ ಕಟ್ಟೆಯ ಮೇಲೆ ಕಸ ಗುಡಿಸುವ ಒಬ್ಬ ಅಕ್ಕ ಕೂರುತ್ತಿದ್ದರು. ಅಮ್ಮ ತಂಬಿಗೆಯಲ್ಲಿ ನೀರು ಕೊಟ್ಟರೆ ಬಾಯಿ ಮುಕ್ಕಳಿಸಿ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು ಏಳುತ್ತಿದ್ದರು. ಗುಟುಕೂ ಒಳಗೆ ಹೋಗುತ್ತಿರಲಿಲ್ಲ. ನೀರಡಿಕೆ ಇಲ್ಲವೇನೋ ಅಂದುಕೊಂಡಿದ್ದೆ. ಡಾಕ್ಟರ್ ಆದ ಮೇಲೆ ಅರ್ಥವಾಯಿತು.

ನಮ್ಮೂರಿನ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಹರಿದು, ನೀರು ಹೋಗದೆ, ಮೂತ್ರ ಗಂಟೆಗಟ್ಟಲೆ ತಡೆದರೆ ಒಳಗೆ ಸೇರಿದ ಕ್ರಿಮಿ ಹೊರಗೆ ಹರಿದು ಹೋಗದೆ ಅಲ್ಲೇ ಬೆಳೆಯುತ್ತದೆ. ಅಂಗಡಿ ಮಾತ್ರೆ ಎರಡು ದಿನ ನುಂಗಿ ಬಿಟ್ಟರೆ ಅದು ಪೂರ್ತಿ ಸಾಯುವುದಿಲ್ಲ. ಮೂರು ಸಲ ಬಂದಿದೆ ಅಂದರೆ ಯಾವ ಕ್ರಿಮಿ ಅಂತ ತೋರಿಸುವ ಮೂತ್ರದ ಕಲ್ಚರ್ ಪರೀಕ್ಷೆ, ಸಕ್ಕರೆ ಪರೀಕ್ಷೆ ಎರಡೂ ಆಗಲೇಬೇಕು. ಚಳಿಜ್ವರ, ಪಕ್ಕೆನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮರುದಿನಕ್ಕೆ ಇಡಬೇಡಿ.

‘ನೀರು ಕುಡಿಯಿರಿ’ ಅಂತ ಸುಮ್ನೆ ಬರೆದುಬಿಡುವುದು ನನಗೆ ಸುಲಭ. ಜಾಗ ಎಲ್ಲಿದೆ, ಅಲ್ವಾ? ನೀವು ಹೋಗುವ ದಾರಿಯಲ್ಲಿ ಪೆಟ್ರೋಲ್ ಬಂಕು, ಸರ್ಕಾರಿ ಶಾಲೆ ಎಲ್ಲಿವೆ ನೋಡಿ. ನಾಲ್ಕೈದು ಜನ ಹೆಣ್ಣುಮಕ್ಕಳು ಸೇರಿ ದಫೇದಾರರ ಹತ್ತಿರ ಹೋಗಿ, ಬೆಳಿಗ್ಗೆ ಒಂಬತ್ತಕ್ಕೆ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ ಅಲ್ಲಿ ಗಾಡಿ ನಿಲ್ಲಿಸಲು ಕೇಳಿ. ಒಬ್ಬರೇ ಕೇಳಿದರೆ ನಕ್ಕುಬಿಡುತ್ತಾರೆ. ಜಾಗ ಸಿಕ್ಕರೆ ನೀರು, ಉಪ್ಪು ಹಾಕಿದ ಮಜ್ಜಿಗೆ ತಾನೇ ಒಳಗೆ ಹೋಗುತ್ತದೆ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಓದುಗರಿಗೂ ಒಂದು ಮಾತು. ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ‘ಸೂಜಿ’ ಅಂತ ಬರೆದು ಬೇರೆಯಾಗಿ ಕೊಡಿ. ಡೈಪರ್‌ನಲ್ಲಿ ಸುತ್ತಿ ಎಸೆದಿರೋ, ಚುಚ್ಚುವುದು ಈ ತಂಗಿಯ ಕೈಗೆ.

ತಂಗಿ, ಪರೀಕ್ಷೆಯ ಚೀಟಿ ಬಂದ ಮೇಲೆ ಇನ್ನೊಂದು ಕಾಗದ ಬರೆಯಿರಿ.