ಶಿಕ್ಷಕರು ಕೆಲಸ ಬಿಡುವುದು ಬರೀ ಸಂಬಳದ ಕಾರಣಕ್ಕಾ?

ಸಂಬಳವೂ ಒಂದು ಕಾರಣ, ನಿಜ. ಗಣಿತ, ವಿಜ್ಞಾನ ಕಲಿಸುವವರಿಗಂತೂ ಹೊರಗೆ ಜಾಸ್ತಿ ಸಂಬಳದ ಕೆಲಸ ಸಿಗುತ್ತದೆ. ಆದರೆ ಸಂಬಳ ಎಷ್ಟು ಅನ್ನುವುದು ಸೇರುವಾಗಲೇ ಗೊತ್ತಿರುತ್ತದೆ. ಗೊತ್ತಿಲ್ಲದೇ ಇರುವುದು ಉಳಿದದ್ದು.

ಪಾಠ ಮಾಡುವುದು ದಿನದ ಒಂದು ಭಾಗ ಅಷ್ಟೇ. ಉತ್ತರಪತ್ರಿಕೆ ತಿದ್ದಬೇಕು, ನಾಳೆಯ ಪಾಠಕ್ಕೆ ತಯಾರಾಗಬೇಕು, ವರದಿ ತುಂಬಬೇಕು, ಅದೇ ಮಾಹಿತಿಯನ್ನು ಇನ್ನೊಂದು ಕಡೆ ಮತ್ತೆ ತುಂಬಬೇಕು, ರಾತ್ರಿ ಪೋಷಕರ ಮೆಸೇಜಿಗೆ ಉತ್ತರಿಸಬೇಕು. ಇಷ್ಟಾದರೂ ಏನು ಕಲಿಸಬೇಕು, ಹೇಗೆ ಕಲಿಸಬೇಕು ಅಂತ ತೀರ್ಮಾನಿಸುವವರು ಬೇರೆ ಯಾರೋ. ಫಲಿತಾಂಶ ಕೆಟ್ಟರೆ ಬೈಗುಳ ಮಾತ್ರ ಶಿಕ್ಷಕರಿಗೆ. ನನ್ನ ಪ್ರಕಾರ ಜನರನ್ನು ಹೊರಗೆ ದೂಡುವುದು ಇದೇ. ದಣಿವನ್ನು ಹೇಗೋ ತಡೆದುಕೊಳ್ಳಬಹುದು. ಕೈ ಕಟ್ಟಿಹಾಕಿ ಈಜು ಅಂದರೆ ಕಷ್ಟ ಅಲ್ವಾ?

ಬಿಡುವವರಲ್ಲಿ ಹೊಸಬರ ಪಾಲು ದೊಡ್ಡದು. ಹಳಬರು ಬೇಡ ಅಂದ ತರಗತಿಯನ್ನು ಎಷ್ಟೋ ಕಡೆ ಅವರಿಗೇ ಕೊಡುತ್ತಾರೆ! ಡೌಟು ಕೇಳಲು ಹಿರಿಯರೊಬ್ಬರು ಜೊತೆಗಿದ್ದು, ಮುಖ್ಯಶಿಕ್ಷಕರು ಬೆನ್ನಿಗೆ ನಿಂತರೆ ಅದೇ ಸಂಬಳಕ್ಕೂ ಉಳಿಯುವವರಿದ್ದಾರೆ.

ಯುನೆಸ್ಕೋ ಲೆಕ್ಕದಂತೆ, ಜಗತ್ತಿನಾದ್ಯಂತ ಕೆಲಸ ಬಿಟ್ಟ ಪ್ರಾಥಮಿಕ ಶಿಕ್ಷಕರ ಪ್ರಮಾಣ 2015ರಲ್ಲಿ ಸುಮಾರು ಶೇ. 4.6 ಇದ್ದದ್ದು 2022ಕ್ಕೆ ಶೇ. 9 ದಾಟಿತು. 2030ರೊಳಗೆ ಪ್ರಾಥಮಿಕ, ಪ್ರೌಢ ಶಾಲೆಗಳಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕಂತೆ. ಒಬ್ಬರು ಬಿಟ್ಟಾಗ ಅವರ ತರಗತಿ ಸುಮ್ನೆ ಮಾಯವಾಗುವುದಿಲ್ಲ, ಉಳಿದವರ ತಲೆಗೆ ಬೀಳುತ್ತದೆ. ಆಮೇಲೆ ಅವರೂ ಬೇರೆ ಕೆಲಸ ಹುಡುಕಲು ಶುರು ಮಾಡುತ್ತಾರೆ.